ಸತ್ಯಾಂಶ: ಮೋಡೆಮ್‌ಗೆ ಪಿನ್ ಚುಚ್ಚಿದರೆ ನೆಟ್ ಬರುತ್ತದಾ?

ಮಳೆಗಾಲದಲ್ಲಿ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುವ ಸಂದೇಶ ಇದು: ‘ಮನೆಯ ಫೈಬರ್ ನೆಟ್ ಹೋಯಿತಾ? ಮೋಡೆಮ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ 30 ಸೆಕೆಂಡ್ ಒತ್ತಿ. ತಕ್ಷಣ ಸರಿಹೋಗುತ್ತದೆ.’

ಇದನ್ನು ನಂಬಬೇಡಿ. ತೂತಿನೊಳಗಿರುವುದು ರೀಸೆಟ್ ಬಟನ್. ಒತ್ತಿ ಹಿಡಿದರೆ ನೀವಿಟ್ಟ ವೈಫೈ ಹೆಸರು, ಪಾಸ್‌ವರ್ಡ್ ಹೋಗುತ್ತವೆ. ಕಂಪನಿಯವರು ಹಾಕಿಕೊಟ್ಟ ಲಾಗಿನ್ ವಿವರವೂ ಅಳಿಸಿಹೋಗಬಹುದು. ಆಮೇಲೆ ಲೈನ್ ಸರಿಯಾದರೂ ನೆಟ್ ಬರುವುದಿಲ್ಲ! ರೀಸ್ಟಾರ್ಟ್ ಬೇರೆ. ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿದರೆ ಏನೂ ಅಳಿಸುವುದಿಲ್ಲ. ಎಷ್ಟೋ ಸಲ ಅಷ್ಟೇ ಸಾಕು.

ಅದಕ್ಕೂ ಮೊದಲು ಮೋಡೆಮ್‌ನ ದೀಪಗಳನ್ನು ನೋಡಿ. ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕು ಸರಿಯಾಗಿ ಬರುತ್ತಿಲ್ಲ ಎಂದರ್ಥ. ಎಲ್ಲೋ ಕಾಫಿ ತೋಟದಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿರಬಹುದು. ಇಲ್ಲಿ ಪಿನ್ ಚುಚ್ಚಿದರೆ ಅಲ್ಲಿ ಕೇಬಲ್ ಕೂಡಿಕೊಳ್ಳುವುದಿಲ್ಲ, ಅಲ್ವಾ? ದೂರು ಕೊಟ್ಟು ಕಾಯಬೇಕು. ಮನೆಯೊಳಗೆ ಫೈಬರ್ ಮೇಜಿನ ಕಾಲಿಗೆ ಸಿಕ್ಕಿ ಮಡಚಿದ್ದರೂ ಹೀಗಾಗುತ್ತದೆ. ಒಳಗಿನ ಗಾಜಿನ ಎಳೆ ಜಾಸ್ತಿ ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ಸುಮ್ನೆ ಬಿಚ್ಚಿ ತುದಿಗೆ ಕಣ್ಣಿಡಬೇಡಿ. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್.

ವೈಫೈ ಸರಿಯಿದ್ದು, ತಂತಿ ಹಾಕಿದ ಕಂಪ್ಯೂಟರಿಗೆ ಮಾತ್ರ ನೆಟ್ ಇಲ್ಲವೇ? ಲ್ಯಾನ್ ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಿ ನೋಡಿ, ಆಮೇಲೆ ಕೇಬಲ್ ಬದಲಿಸಿ. ದೊಡ್ಡ ಮನೆಯಿಂದ ಹೋಮ್‌ಸ್ಟೇ ಕೋಣೆಯವರೆಗೆ ಎಳೆದದ್ದಾದರೆ ಉದ್ದ ಅಳೆಯಿರಿ: ಲ್ಯಾನ್ ಕೇಬಲ್‌ಗೆ ಮಿತಿ 100 ಮೀಟರ್.