ಕಾಲ್ ಸೂಪು, ಕೊಲಾಜನ್ನು ಮತ್ತು ಕೆನ್ನೆ

ರಾತ್ರಿ ಉಳಿದ ಕಾಲ್ ಸೂಪನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಪಾತ್ರೆ ತೆಗೆದು ನೋಡಿ. ಮೇಲೆ ಕೊಬ್ಬಿನದೊಂದು ಬಿಳಿ ಪದರ. ಅದನ್ನು ಚಮಚದಲ್ಲಿ ಸರಿಸಿದರೆ ಕೆಳಗೆ ಸೂಪು ಇರುವುದಿಲ್ಲ, ಗಿಣ್ಣಿನಂಥದ್ದೇನೋ ಇರುತ್ತದೆ. ಪಾತ್ರೆ ಓರೆ ಮಾಡಿದರೆ ಚೆಲ್ಲುವುದಿಲ್ಲ, ಬದಿಗೆ ತಟ್ಟಿದರೆ ಗದಗದ ನಡುಗುತ್ತದೆ. ಒಲೆ ಮೇಲಿಟ್ಟರೆ ಎರಡೇ ನಿಮಿಷಕ್ಕೆ ಮತ್ತೆ ನೀರು. ಈ ನಡುಗುವ ವಸ್ತುವೇ ಜೆಲಾಟಿನ್. ಕುರಿಕಾಲಿನ ಚರ್ಮ, ಕೀಲಿನ ನಾರು, ಮೂಳೆಗಳಲ್ಲಿದ್ದ ಕೊಲಾಜನ್ ಗಂಟೆಗಟ್ಟಲೆ ಕುದ್ದು ಬಿಚ್ಚಿಕೊಂಡಾಗ ಹೀಗಾಗುತ್ತದೆ. ಇದನ್ನೇ ಕಿಣ್ವ ಹಾಕಿ ಇನ್ನೂ ಸಣ್ಣಗೆ ತುಂಡರಿಸಿ, ಒಣಗಿಸಿ, ಸ್ಟ್ರಾಬೆರಿ ವಾಸನೆ ಸೇರಿಸಿ ಗುಲಾಬಿ ಡಬ್ಬಿಗೆ ತುಂಬಿದರೆ ಹೆಸರು ‘ಹೈಡ್ರೊಲೈಸ್ಡ್ ಕೊಲಾಜನ್ ಪೆಪ್ಟೈಡ್’ ಎಂದಾಗುತ್ತದೆ. ಕಟುಕರ ಅಂಗಡಿಯ ಹಲಗೆಯಿಂದ ಬ್ಯೂಟಿ ಕೌಂಟರಿನ ಗಾಜಿನ ಕಪಾಟಿಗೆ ಬಡ್ತಿ. ಕುಡಿದರೂ ಸರಿ, ಹಚ್ಚಿದರೂ ಸರಿ, ಸುಕ್ಕು ಹೋಗಿ ಕೆನ್ನೆ ಬಿಗಿಯಾಗುತ್ತದೆ ಎಂಬುದು ಜಾಹೀರಾತಿನ ಮಾತು.

ಗ್ರೀಕರ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ಚರ್ಮ, ಮೂಳೆ ಕುದಿಸಿದರೆ ಅಂಟು ಬರುತ್ತದೆಂದು ಬಡಗಿಗಳಿಗೆ ಎಂದಿನಿಂದಲೋ ಗೊತ್ತಿತ್ತು. ಆ ಅಂಟು ಹುಟ್ಟಿಸುವ ವಸ್ತು ಕೊಲಾಜನ್. ನಮ್ಮ ಕನ್ನಡದ ‘ಕೊಲ್ಲು’ವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಡಬ್ಬಿಯ ಹಿಂದೆ ಬರೆದ ಬೆಲೆ ಓದುವ ತನಕ.

ನಮ್ಮ ಮೈಯಲ್ಲಿರುವ ಪ್ರೊಟೀನಿನ ಸುಮಾರು ಮೂರನೇ ಒಂದು ಪಾಲು ಇದೇ. ಚರ್ಮದ ನೀರಿನಂಶವನ್ನೆಲ್ಲ ತೆಗೆದು ತೂಗಿದರೆ ಹತ್ತಿರ ಹತ್ತಿರ ಮುಕ್ಕಾಲು ಪಾಲು ಕೊಲಾಜನ್. ಅದರ ಕಟ್ಟಣೆಯನ್ನು ಬಿಡಿಸಿದ್ದು ನಮ್ಮ ಪಕ್ಕದ ಮದರಾಸಿನಲ್ಲಿ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮದರಾಸು ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕಾಂಗರೂ ಬಾಲದ ನಾರಿನ ಎಕ್ಸ್-ರೇ ಚಿತ್ರ ತೆಗೆದು, ಇದು ಮೂರೆಳೆಯ ಸುರುಳಿ ಎಂದು 1954ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮುಂದೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರೂ ಇದೇ ರಾಮಚಂದ್ರನ್.

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಈ ಮೂರೆಳೆ ಬೇಗ ಅರ್ಥವಾಗುತ್ತದೆ. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಹಾಗಾಗಿಯೇ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜನ್ನೂ ಹಾಗೆಯೇ: ಬಿಡಿ ಎಳೆಗಳ ತಿರುವು ಎಡಕ್ಕೆ, ಮೂರು ಸೇರಿದ ಹುರಿಯ ತಿರುವು ಬಲಕ್ಕೆ. ಒಂದೊಂದು ಎಳೆಯಲ್ಲಿ ಸಾವಿರದಷ್ಟು ಅಮೈನೊ ಆಮ್ಲದ ಮಣಿಗಳು. ಪ್ರತಿ ಮೂರನೆಯದು ಗ್ಲೈಸೀನ್ ಆಗಿರಲೇಬೇಕು, ಏಕೆಂದರೆ ಹುರಿಯ ಒಳಗಿನ ಇಕ್ಕಟ್ಟಿನಲ್ಲಿ ಕೂರುವಷ್ಟು ಸಣ್ಣದು ಅದೊಂದೇ. ಹುರಿ ಸಡಿಲವಾಗದಂತೆ ಬಿಗಿಯುವ ಕೆಲಸಕ್ಕೆ ವಿಟಮಿನ್ ಸಿ ಬೇಕು. ಅದಿಲ್ಲದಿದ್ದರೆ ನಮ್ಮ ಮೈಯ ಬಿಸಿಗೇ ಹುರಿ ಬಿಚ್ಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ಒಸಡಿನಿಂದ ರಕ್ತ ಸೋರಿ, ವಾಸಿಯಾದ ಗಾಯ ಮತ್ತೆ ಬಾಯಿ ಬಿಡುತ್ತಿದ್ದುದು ಇದರಿಂದ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ್ದು ಇದನ್ನೇ.

ಈಗ ಮುಖಕ್ಕೆ ಹಚ್ಚುವ ಕೊಲಾಜನ್ ಕ್ರೀಮಿನ ವಿಚಾರ. ಚರ್ಮದ ಹೊರಪದರ ಮೈಯ ಬಹುಭಾಗದಲ್ಲಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟೂ ದಪ್ಪವಿಲ್ಲ, ಆದರೆ ಕಾವಲು ಮಾತ್ರ ಭದ್ರ. ಅದನ್ನು ದಾಟಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕೆಂಬುದು ಚರ್ಮಶಾಸ್ತ್ರದವರ ಅಂದಾಜು ಲೆಕ್ಕ. ಇಡೀ ಕೊಲಾಜನ್ ಹುರಿಯ ತೂಕ 3 ಲಕ್ಷ ಡಾಲ್ಟನ್. ತುಂಡರಿಸಿದ ಪೆಪ್ಟೈಡ್ ಆದರೂ ಸಾಮಾನ್ಯವಾಗಿ 2,000ದಿಂದ 5,000. ಮೈದಾ ಜರಡಿಗೆ ಮೊದಲನೆಯದು ತೆಂಗಿನಕಾಯಿ, ಎರಡನೆಯದು ಅಡಿಕೆ. ಎಷ್ಟು ಹೊತ್ತು ಅಲ್ಲಾಡಿಸಿದರೂ ಎರಡೂ ಮೇಲೆಯೇ ಉಳಿಯುತ್ತವೆ. ಹೇಗೋ ಒಳಗೆ ನುಸುಳಿತೆಂದೇ ಇಟ್ಟುಕೊಳ್ಳಿ, ಅಲ್ಲಿ ಅದನ್ನು ಹಿಡಿದು ಹಳೆಯ ಹಗ್ಗಕ್ಕೆ ಹೊಸೆಯುವವರು ಯಾರೂ ಇಲ್ಲ. ಒಳಚರ್ಮದ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ತಮ್ಮ ಎಳೆಯನ್ನು ತಾವೇ ನೂತು, ತುದಿ ಕತ್ತರಿಸಿ, ಕಟ್ಟು ಕಟ್ಟುತ್ತವೆ. ಪರವೂರಿನ ತಯಾರಿ ಮಾಲು ಅವುಗಳಿಗೆ ಬೇಡ.

ಹಾಗಿದ್ದರೆ ಹಚ್ಚಿದ ಹತ್ತು ನಿಮಿಷಕ್ಕೆ ಮುಖ ಬಿಗಿಯಾಗಿ, ಗೆರೆಗಳು ಮಾಯವಾದಂತೆ ಕಾಣುತ್ತದಲ್ಲ? ಕಾಣುತ್ತದೆ, ಸುಳ್ಳಲ್ಲ. ಕೊಲಾಜನ್ ನೀರು ಹಿಡಿದಿಡುತ್ತದೆ, ಒಣಗುತ್ತಾ ತೆಳು ಪೊರೆಯಾಗಿ ಚರ್ಮವನ್ನು ಸ್ವಲ್ಪ ಎಳೆಯುತ್ತದೆ. ನೀರು ಕುಡಿದ ಹೊರಚರ್ಮ ಉಬ್ಬಿ ಸಣ್ಣ ಗೆರೆಗಳು ತುಂಬಿಕೊಳ್ಳುತ್ತವೆ. ರಾತ್ರಿ ಮುಖ ತೊಳೆದರೆ ಎಲ್ಲವೂ ಸಿಂಕಿಗೆ. ಇಷ್ಟೇ ಕೆಲಸವನ್ನು ಗ್ಲಿಸರಿನ್ ಇರುವ ಸಾದಾ ಮಾಯಿಶ್ಚರೈಸರ್ ಚಾಚೂ ತಪ್ಪದೆ ಮಾಡುತ್ತದೆ, ಬೆಲೆಯೂ ಆ ಕೆಲಸಕ್ಕೆ ತಕ್ಕಷ್ಟೇ. ಕೊಲಾಜನ್ ನಿಜಕ್ಕೂ ಚರ್ಮದೊಳಗೆ ಹೋದದ್ದು ಸೂಜಿಯ ಮೂಲಕ: ಹಸುವಿನ ಕೊಲಾಜನ್ ಚುಚ್ಚುಮದ್ದಿಗೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ಕೈಗೆ ಚುಚ್ಚಿ ಅಲರ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಇಷ್ಟೆಲ್ಲ ಮಾಡಿಯೂ ಕೆಲವೇ ತಿಂಗಳಲ್ಲಿ ದೇಹ ಅದನ್ನು ಕರಗಿಸಿ ಕೈತೊಳೆದುಕೊಳ್ಳುತ್ತಿತ್ತು.

ತಿನ್ನುವ, ಕುಡಿಯುವ ಕೊಲಾಜನ್ನಿನ ಮೊಕದ್ದಮೆ ಇಷ್ಟು ಸಲೀಸಲ್ಲ. ಜಠರಕ್ಕೆ ಪ್ರೊಟೀನೆಲ್ಲ ಒಂದೇ. ಅದು ಹೆಸರುಬೇಳೆಯದೋ ಮೀನಿನ ಚರ್ಮದ್ದೋ ಎಂದು ವಿಚಾರಿಸದೆ ಕತ್ತರಿಸುವುದು ಅದರ ಧರ್ಮ. ಬಿಡಿ ಅಮೈನೊ ಆಮ್ಲಗಳು ರಕ್ತಕ್ಕೆ ಸೇರಿದ ಮೇಲೆ ಕೆನ್ನೆಗೇ ಹೋಗಿ ಎಂದು ವಿಳಾಸ ಬರೆದು ಕಳಿಸಲು ಬರುವುದಿಲ್ಲ. ಹೀಗೆಂದು ನಕ್ಕು ಮುಗಿಸಬಹುದಿತ್ತು. ಆದರೆ ಪ್ರೋಲೀನ್ ಮತ್ತು ಹೈಡ್ರಾಕ್ಸಿಪ್ರೋಲೀನ್ ಎಂಬ ಅಮೈನೊ ಆಮ್ಲಗಳು ಕೂಡಿದ ಕೆಲವು ಜೋಡಿಗಳು ಜೀರ್ಣರಸಕ್ಕೂ ಬಗ್ಗದೆ ಹಾಗೇ ರಕ್ತಕ್ಕೆ ದಾಟುತ್ತವೆ. ಕುಡಿದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಅವನ್ನು ಅಳೆದು ನೋಡಿದ್ದಾರೆ. ಈ ಚೂರುಗಳನ್ನು ಕಂಡ ಫೈಬ್ರೊಬ್ಲಾಸ್ಟ್‌ಗಳು ‘ಎಲ್ಲೋ ಹಗ್ಗ ಹರಿದಿದೆ’ ಎಂದುಕೊಂಡು ಹೊಸದನ್ನು ಹೊಸೆಯಲು ತೊಡಗಬಹುದು ಎಂಬುದು ಒಂದು ವಾದ. ವಾದ ಚೆನ್ನಾಗಿದೆ. ಸಾಕ್ಷಿ?

ದಿನಕ್ಕೆ 2.5ರಿಂದ 10 ಗ್ರಾಂ ಪೆಪ್ಟೈಡನ್ನು ಎಂಟು, ಹನ್ನೆರಡು ವಾರ ಕೊಟ್ಟು, ಚರ್ಮದ ತೇವ ಮತ್ತು ಸ್ಥಿತಿಸ್ಥಾಪಕತೆಯನ್ನು ಯಂತ್ರದಲ್ಲಿ ಅಳೆದ ಪ್ರಯೋಗಗಳು ಹಲವಿವೆ. ಒಟ್ಟಿಗೆ ಗುಡ್ಡೆ ಹಾಕಿದರೆ ಸ್ವಲ್ಪ ಸುಧಾರಣೆ ಕಾಣುತ್ತದೆ. 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ವಿಶ್ಲೇಷಣೆ 23 ಪ್ರಯೋಗಗಳ 1,474 ಜನರ ಲೆಕ್ಕ ಹಾಕಿತು. ಮೊತ್ತದಲ್ಲಿ ತೇವ, ಬಿಗಿ, ಸುಕ್ಕು ಮೂರರಲ್ಲೂ ಲಾಭವೇ. ಆಮೇಲೆ ಅದೇ ಗುಡ್ಡೆಯನ್ನು ಎರಡು ಪಾಲು ಮಾಡಿದರು: ಕಂಪನಿಗಳ ದುಡ್ಡಿನಲ್ಲಿ ನಡೆದವು ಒಂದು ಕಡೆ, ನಡೆಯದವು ಇನ್ನೊಂದು ಕಡೆ. ಎರಡನೆಯ ಪಾಲಿನಲ್ಲಿ ಲಾಭ ಕಾಣಲಿಲ್ಲ. ಗುಣಮಟ್ಟ ಚೆನ್ನಾಗಿದ್ದ ಪ್ರಯೋಗಗಳನ್ನಷ್ಟೇ ಆರಿಸಿದಾಗಲೂ ಕಾಣಲಿಲ್ಲ. ಹೆಣ್ಣಿನ ಕಡೆಯವರೇ ಜಾತಕ ಬರೆಸಿ ತಂದರೆ ಮೂವತ್ತಾರಕ್ಕೆ ಮೂವತ್ತೈದು ಗುಣ ಕೂಡಿಬರುವುದು ನಮಗೇನೂ ಹೊಸದಲ್ಲ.

ಇಷ್ಟಾದರೂ ಕೊಂಡೇ ತೀರುತ್ತೇನೆ ಎನ್ನುವವರಿಗೆ ಡಬ್ಬಿಯ ಬೆನ್ನು ಓದುವ ವಿದ್ಯೆ ಬೇಕು. ಪ್ರಯೋಗಗಳಲ್ಲಿ ಕೊಟ್ಟದ್ದು ಗ್ರಾಂ ಲೆಕ್ಕದಲ್ಲಿ. ದೊಡ್ಡದೆನಿಸುವ ಒಂದು ಕ್ಯಾಪ್ಸೂಲಿನಲ್ಲಿ ಹಿಡಿಯುವ ಪುಡಿ ಅರ್ಧ ಗ್ರಾಮಿನಷ್ಟು. 10 ಗ್ರಾಮಿಗೆ ದಿನಕ್ಕೆ ಇಪ್ಪತ್ತು ನುಂಗಬೇಕು. ತಮಾಷೆ ಎಂದರೆ ಆ ಕ್ಯಾಪ್ಸೂಲಿನ ಸಿಪ್ಪೆಯೇ ಬಹುಪಾಲು ಜೆಲಾಟಿನ್, ತೂಕ ಸುಮಾರು 0.1 ಗ್ರಾಂ. ಅಂದರೆ ಯಾವುದೋ ಆ್ಯಂಟಿಬಯೋಟಿಕ್ ನುಂಗುವಾಗಲೂ ನಾವು ಕೊಲಾಜನ್ ತಿನ್ನುತ್ತಲೇ ಇದ್ದೇವೆ. ಗಮ್ಮಿಗಳ ಬೆನ್ನಿನಲ್ಲಿ ಮಿಲಿಗ್ರಾಂ ಎಂದಿದೆಯೋ ಗ್ರಾಂ ಎಂದಿದೆಯೋ ನೋಡಿ, ಸಕ್ಕರೆ ಎಷ್ಟು ಎಂಬುದನ್ನೂ ನೋಡಿ. ಪುಡಿ ಪೆಪ್ಟೈಡೋ ಬರೀ ಜೆಲಾಟಿನ್ನೋ ಎಂಬ ಅನುಮಾನವಿದ್ದರೆ ಒಂದು ಚಮಚವನ್ನು ಅರ್ಧ ಲೋಟ ತಣ್ಣೀರಿಗೆ ಹಾಕಿ ಕಲಕಿ. ಪೆಪ್ಟೈಡ್ ಕರಗುತ್ತದೆ. ಜೆಲಾಟಿನ್ ನೀರು ಹೀರಿ ಸಬ್ಬಕ್ಕಿಯಂತೆ ಊದಿಕೊಳ್ಳುತ್ತದೆ, ಬಿಸಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ನಮ್ಮ ಸೂಪಿನ ಹಾಗೆ ನಡುಗುತ್ತದೆ. ಬಿಸಿ ಕಾಫಿಗೆ ಹಾಕಿದರೆ ಪೆಪ್ಟೈಡ್ ಕೆಡುವುದಿಲ್ಲ, ಕಾಫಿ ಕೆಡುತ್ತದೋ ಇಲ್ಲವೋ ಅವರವರ ನಾಲಿಗೆಗೆ ಬಿಟ್ಟದ್ದು.

‘10 ಗ್ರಾಂ ಪ್ರೊಟೀನ್’ ಎಂಬ ಸಾಲಿಗೂ ಮರುಳಾಗಬಾರದು. ಊಟದಿಂದಲೇ ಬರಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಕೊಲಾಜನ್ನಿನಲ್ಲಿ ಇಲ್ಲವೇ ಇಲ್ಲ. ಮೊಟ್ಟೆ, ಹಾಲು, ಅನ್ನ-ಸಾರಿನ ಬೇಳೆ ಇವುಗಳ ಜಾಗದಲ್ಲಿ ಇದನ್ನು ಕೂರಿಸುವಂತಿಲ್ಲ. ಸಸ್ಯಾಹಾರಿಗಳ ಮನೆಯಲ್ಲಿ ಈ ಡಬ್ಬಿ ಇನ್ನೊಂದು ಕಥೆ. ‘ಬೋವೈನ್’ ಎಂದರೆ ದನ, ‘ಮರೈನ್’ ಎಂದರೆ ಮೀನಿನ ಚರ್ಮ, ಹುರುಪೆ. ಇಂಗ್ಲಿಷಿನಲ್ಲಿ ಕೇಳಿದಾಗ ಎರಡೂ ಎಷ್ಟು ಮಡಿಯಾಗಿವೆ! ಚೌಕದೊಳಗೆ ಕಂದು ತ್ರಿಕೋನ ಇದೆಯೇ, ಹಸಿರು ಚುಕ್ಕೆ ಇದೆಯೇ ಎಂದು ನೋಡಿದರೆ ಸಾಕು. ಹಸಿರು ಚುಕ್ಕೆಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಕೊಲಾಜನ್ ಅಲ್ಲ, ‘ಬಿಲ್ಡರ್’: ವಿಟಮಿನ್ ಸಿ, ಬಯೋಟಿನ್, ಒಂದಿಷ್ಟು ಅಮೈನೊ ಆಮ್ಲ. ವಿಟಮಿನ್ ಸಿ ಬೇಕಾದದ್ದು ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸರಿಗೆ 80. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚಿದೆ, ಉಪ್ಪು-ಖಾರ ಮಾತ್ರ ನೀವು ಹಾಕಿಕೊಳ್ಳಬೇಕು. ಮೀನಿನ ಅಲರ್ಜಿ ಇರುವವರು ಮರೈನ್ ಡಬ್ಬಿ ಮುಟ್ಟಬಾರದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಬಂದು ಹೋದವರೂ ವೈದ್ಯರನ್ನು ಕೇಳದೆ ದಿನಾ ಕುಡಿಯಬಾರದು: ಹೈಡ್ರಾಕ್ಸಿಪ್ರೋಲೀನ್ ಒಡೆದಾಗ ಆಕ್ಸಲೇಟ್ ಹುಟ್ಟುತ್ತದೆ. 30 ಗ್ರಾಂ ಜೆಲಾಟಿನ್ ತಿನ್ನಿಸಿ ಅಳೆದಾಗ ಮೂತ್ರದಲ್ಲಿ ಅದು ಎದ್ದು ಕಾಣುವಷ್ಟು ಏರಿತ್ತು.

ಇಷ್ಟಕ್ಕೂ ಕೊಲಾಜನ್ ಕಡಿಮೆಯಾಗುವುದು ಕಚ್ಚಾಮಾಲಿನ ಅಭಾವದಿಂದಲ್ಲ. ವಯಸ್ಸಾದಂತೆ ಕೋಶಗಳ ಉತ್ಪಾದನೆ ಇಳಿಯುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಂತೂ ಹೆಂಗಸರ ಚರ್ಮ ಸುಮಾರು ಶೇ. 30ರಷ್ಟು ಕಳೆದುಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಕಳ್ಳ ಬಿಸಿಲು. ನೇರಳಾತೀತ ಕಿರಣ ಬಿದ್ದ ಕೂಡಲೇ ಚರ್ಮದಲ್ಲಿ ಕೊಲಾಜನ್ ಕತ್ತರಿಸುವ ಕಿಣ್ವಗಳು ಏಳುತ್ತವೆ. ನಂಬಿಕೆ ಬಾರದಿದ್ದರೆ ತೋಳು ಮಡಿಚಿ, ರಟ್ಟೆಯ ಒಳಬದಿಯ ಚರ್ಮವನ್ನೂ ಮುಂಗೈ ಮೇಲಿನ ಚರ್ಮವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರ ವಯಸ್ಸೂ ಒಂದೇ, ಊಟವೂ ಒಂದೇ. ಒಂದು ರೇಷ್ಮೆ, ಇನ್ನೊಂದು ಒಗೆದೊಗೆದ ಖಾದಿ. 28 ವರ್ಷ ಲಾರಿ ಓಡಿಸಿದ ಅಮೆರಿಕದ ಚಾಲಕನೊಬ್ಬನ ಮುಖದ ಚಿತ್ರ 2012ರಲ್ಲಿ ವೈದ್ಯಪತ್ರಿಕೆಯಲ್ಲಿ ಬಂದಿತ್ತು: ಕಿಟಕಿ ಕಡೆಯ ಎಡಗೆನ್ನೆ ಜೋತುಬಿದ್ದು ಉತ್ತ ಹೊಲದಂತಾಗಿತ್ತು, ಬಲಗೆನ್ನೆ ತಕ್ಕಮಟ್ಟಿಗೆ ನೆಟ್ಟಗಿತ್ತು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ನಷ್ಟವೂ ಬಲಗೆನ್ನೆಗೆ.

ಆದ್ದರಿಂದ ಕೊಲಾಜನ್ ಕ್ರೀಮ್ ಎಂಬ ಹೆಸರಿಗೆ ನಿಜವಾಗಿ ತಕ್ಕದ್ದು ಸನ್‌ಸ್ಕ್ರೀನ್. ಆಸ್ಟ್ರೇಲಿಯದ ನಾಂಬೋರ್ ಊರಿನಲ್ಲಿ 1992ರಿಂದ 1996ರವರೆಗೆ 903 ಜನರನ್ನು ಎರಡು ಗುಂಪು ಮಾಡಿ ನೋಡಿದರು. ದಿನವೂ ಹಚ್ಚಿದವರ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರದಕ್ಕಿಂತ ಶೇ. 24ರಷ್ಟು ಕಡಿಮೆ. ತಪ್ಪುವುದು ಅಳತೆಯಲ್ಲಿ. ಬಿಸಿಲಿನಿಂದ ಎಷ್ಟು ಕಾಪಾಡುತ್ತದೆಂದು ಹೇಳುವ, ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆಯನ್ನು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದಿರುತ್ತಾರೆ. ಮುಖ, ಕತ್ತಿಗೆ ಅದು ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ. ನಾವು ಹಚ್ಚುವುದು ವಿಭೂತಿಯಷ್ಟು.

ಹೋದದ್ದನ್ನು ಒಂದಿಷ್ಟು ಮರಳಿ ತರುವುದೆಂದು ಚರ್ಮದ ತುಣುಕು ತೆಗೆದು ನೋಡಿ ತೋರಿಸಿರುವುದು ವಿಟಮಿನ್ ಎ ಬಳಗದ ಟ್ರೆಟಿನಾಯ್ನ್ ಎಂಬ ಹಚ್ಚುವ ಮದ್ದು. 1993ರ ಒಂದು ಪ್ರಯೋಗದಲ್ಲಿ ಹತ್ತು-ಹನ್ನೆರಡು ತಿಂಗಳು ಹಚ್ಚಿದಾಗ ಬಿಸಿಲಿಗೆ ಹಾಳಾದ ಚರ್ಮದಲ್ಲಿ ಕೊಲಾಜನ್ ತಯಾರಿ ಶೇ. 80ರಷ್ಟು ಏರಿತು, ಮದ್ದಿಲ್ಲದ ಬರೀ ಕ್ರೀಮ್ ಹಚ್ಚಿದವರಲ್ಲಿ ಶೇ. 14ರಷ್ಟು ಇಳಿಯಿತು. ಅಣುವಿನ ತೂಕ ಸುಮಾರು 300 ಡಾಲ್ಟನ್, ಜರಡಿ ದಾಟುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಮದ್ದಲ್ಲ, ಬಸಿರಿನಲ್ಲಿ ಖಂಡಿತ ಕೂಡದು. ಸಾಮಾನ್ಯವಾಗಿ 0.025 ಶೇಕಡದ್ದರಿಂದ ಶುರು, ವಾರಕ್ಕೆ ಎರಡು ಮೂರು ರಾತ್ರಿ, ಮುಖ ತೊಳೆದು ಪೂರ್ತಿ ಒಣಗಿದ ಮೇಲೆ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೂಗಿನ ಪಕ್ಕ, ತುಟಿಯ ಮೂಲೆ, ಕಣ್ಣಿನ ಅಂಚು ಬಿಡಬೇಕು. ಉರಿ ಹೆಚ್ಚಾದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದು. ಮೊದಲ ಕೆಲವು ವಾರ ಚರ್ಮ ಸುಲಿಯುತ್ತದೆ. ಬಹಳ ಜನ ಕೈಬಿಡುವುದು ಆಗಲೇ. ಇನ್ನು ಕೆಲವರು ಸುಲಿಯುವುದೇ ಕೆಲಸ ಮಾಡುವ ಲಕ್ಷಣ ಎಂದು ಎರಡು ಬಟಾಣಿ ಹಚ್ಚಿ ಮುಖ ಟೊಮೆಟೊ ಮಾಡಿಕೊಳ್ಳುತ್ತಾರೆ.

ಯಾವುದನ್ನು ಹಿಡಿದರೂ ಆತುರ ನಡೆಯದು. ಚರ್ಮದ ಕೊಲಾಜನ್ ಅರ್ಧದಷ್ಟು ಬದಲಾಗಲು ಸುಮಾರು 15 ವರ್ಷ ಬೇಕೆಂದು ಅಳೆದಿದ್ದಾರೆ. ‘ಎರಡು ವಾರದಲ್ಲಿ ಹೊಸ ಚರ್ಮ’ ಎನ್ನುವವರು ಲೆಕ್ಕದಲ್ಲಿ ನಮಗಿಂತ ಮುಂದಿದ್ದಾರೆ. ಡಬ್ಬಿಯನ್ನು ಪರೀಕ್ಷಿಸಲೇಬೇಕು ಎಂದಿದ್ದರೆ ಮೂರು ತಿಂಗಳು ಅದೊಂದನ್ನೇ ಹೊಸದಾಗಿ ಸೇರಿಸಿ, ಒಂದೇ ಕಿಟಕಿಯ ಮುಂದೆ, ಒಂದೇ ಹೊತ್ತಿಗೆ, ಫಿಲ್ಟರ್ ಇಲ್ಲದೆ ಫೋಟೊ ತೆಗೆದಿಟ್ಟುಕೊಳ್ಳಿ. ಸನ್‌ಸ್ಕ್ರೀನನ್ನೂ ಅದೇ ದಿನ ಶುರು ಮಾಡಿದರೆ ಮುಖ ಸುಧಾರಿಸಿದ್ದಕ್ಕೆ ಕಾರಣ ಯಾರೆಂದು ಜಗಳವಾಗುತ್ತದೆ. ಆ ಜಗಳದಲ್ಲಿ ಗೆಲ್ಲುವುದು ಗುಲಾಬಿ ಡಬ್ಬಿಯೇ, ಅದಕ್ಕೆ ದುಡ್ಡು ಜಾಸ್ತಿ ಕೊಟ್ಟಿರುತ್ತೇವಲ್ಲ.