ಕಾರು ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ಮೂರು ತಿಂಗಳಲ್ಲಿ 11 ಸೆಕೆಂಡ್ ಹ್ಯಾಂಡ್ ಗಾಡಿ ನೋಡಿದೆ. ಹತ್ತನ್ನು ಬಿಟ್ಟೆ. ಹನ್ನೊಂದನೆಯದು ಈಗ ಮನೆ ಮುಂದೆ ನಿಂತಿದೆ. "ಒಂದು ಹಳೇ ಕಾರಿಗೆ ಇಷ್ಟು ದಿನ ಬೇಕಿತ್ತಾ" ಅಂತ ಆಫೀಸಿನಲ್ಲಿ ಕೇಳಿದವರು ಬಹಳ ಜನ. ಬೇಕಿತ್ತು. ಯಾಕೆ ಅಂತ ಇವತ್ತು ಪೂರ್ತಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ನನ್ನ ಅಗತ್ಯ ಹೇಳುತ್ತೇನೆ. ಮನೆ ಕೋಣನಕುಂಟೆ ಕ್ರಾಸ್ ಹತ್ತಿರ, ಕೆಲಸ ಬೆಳ್ಳಂದೂರಿನಲ್ಲಿ. ಮಧ್ಯದಲ್ಲಿ ಟ್ರಾಫಿಕ್ ಜಾಮ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಇದೆ ಅಂದರೆ ಬೆಂಗಳೂರಿನವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ವಾರಕ್ಕೆ ನಾಲ್ಕು ದಿನ ಈ ದಾರಿ. ಭಾನುವಾರ ಕನಕಪುರ ದಾಟಿ ಸಾತನೂರಿನ ಕಡೆ, ಅಪ್ಪನ ಜಮೀನಿಗೆ. ಕೊನೆಯ ಮೂರು ಕಿಲೋಮೀಟರ್ ಡಾಂಬರು ಇಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್ ಓಡಾಡಿ ಎರಡು ಆಳವಾದ ಜಾಡು ಬಿದ್ದಿವೆ, ನಡುವೆ ದಿಬ್ಬ, ಒಂದು ಕಡೆ ಮಳೆ ನೀರು ಕೊರೆದ ಕೊರಕಲು. ತಾತನ ಕಾಲದಲ್ಲಿ ಇದೇ ದಾರಿಯಲ್ಲಿ ಕೋವಿ ಹಿಡಿದು ಬೇಟೆಗೆ ಹೋಗುತ್ತಿದ್ದರಂತೆ. ಹಂದಿ, ಮೊಲದ ಕಥೆ ಕೇಳಿಕೊಂಡೇ ಬೆಳೆದವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕೋವಿ ಮೂಲೆ ಸೇರಿತು, ಸೇರಿದ್ದು ಒಳ್ಳೆಯದೇ ಆಯಿತು. ನಾನು ಅದೇ ದಾರಿಯಲ್ಲಿ ಬೆಳಗಿನ ಜಾವ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಹೋಗುತ್ತೇನೆ. ಮನೆಯಲ್ಲಿ ಈಗಲೂ ಅದನ್ನ "ಬೇಟೆ" ಅಂತಲೇ ಕರೆಯುತ್ತಾರೆ.

ಈ ಎರಡು ಕೆಲಸಕ್ಕೂ ಒಂದೇ ಗಾಡಿ ಬೇಕು. ಬಜೆಟ್ 6 ಲಕ್ಷ.

ಸ್ನೇಹಿತರು ಎಲ್ಲರೂ ಒಂದೇ ಮಾತು ಹೇಳಿದರು. ಮಣ್ಣು ರಸ್ತೆ ಅಂದರೆ ಫೋರ್ ಬೈ ಫೋರ್ ತಗೋ, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಗಾಡಿ. ನನಗೂ ಆಸೆ ಇತ್ತು. ಜಿಪ್ಸಿ ಅಂದರೆ ಚಿಕ್ಕಂದಿನಿಂದ ಪ್ರಾಣ. 2007ರ ಒಂದು ಜಿಪ್ಸಿ ನೋಡಲು ಯಲಹಂಕದವರೆಗೆ ಹೋದೆ. ಓನರ್ ಒಳ್ಳೆಯ ಮನುಷ್ಯ, ಗಾಡಿಯನ್ನ ಮಗುವಿನಂತೆ ಇಟ್ಟುಕೊಂಡಿದ್ದರು. ಆದರೆ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಿದಾಗಲೇ ಗೊತ್ತಾಯಿತು. ಹಿಂದೆ ಮುಂದೆ ಲೀಫ್ ಸ್ಪ್ರಿಂಗ್, ಪ್ರತಿ ಹಂಪ್ ಬೆನ್ನಿಗೆ ತಾಗುತ್ತದೆ, ಎಸಿ ಇಲ್ಲ, ಕಿಟಕಿ ತೆಗೆದರೆ ಬಸ್ಸಿನ ಹೊಗೆ ನೇರ ಮುಖಕ್ಕೆ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ 600 ರೂಪಾಯಿಯಿಂದ 5,000ಕ್ಕೆ ಏರಿತು. ಜಮೀನಿನ ದಾರಿಗೆ ಅದರಂಥ ಗಾಡಿ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ತಿಂಗಳಲ್ಲಿ ಹದಿನಾರು ದಿನ ಸಿಲ್ಕ್ ಬೋರ್ಡ್, ನಾಲ್ಕು ದಿನ ಸಾತನೂರು. ಲೆಕ್ಕ ಅಲ್ಲೇ ಮುಗಿಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಕಡೆಯ ತೋಟದ ದಾರಿ, ಕೆರೆ ಏರಿ, ಬೆಟ್ಟದ ಬುಡದ ಮಣ್ಣು ರಸ್ತೆಗೆ ನೂರಕ್ಕೆ ತೊಂಬತ್ತು ಸಲ ಫೋರ್ ಬೈ ಫೋರ್ ಬೇಕಿಲ್ಲ. ಬೇಕಾಗಿರುವುದು ನೆಲದಿಂದ ಎತ್ತರ ಮತ್ತು ಒಳ್ಳೆಯ ಟಯರ್. ನನ್ನ ಹಳೇ ಸ್ವಿಫ್ಟ್ ಆ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದು ಚಕ್ರಕ್ಕೆ ಹಿಡಿತ ಇಲ್ಲದೆ ಅಲ್ಲ, ಹೊಟ್ಟೆ ನಡುವಿನ ದಿಬ್ಬಕ್ಕೆ ತಾಗಿ. ಅದರ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. ನಾನು ಕೊನೆಗೆ ತಗೊಂಡ ರೆನೋ ಡಸ್ಟರ್‌ನದು 205. ನಾಲ್ಕು ಬೆರಳಿಗಿಂತ ಕಡಿಮೆ ವ್ಯತ್ಯಾಸ, ಆದರೆ ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಆಯಿಲ್ ಸಂಪ್, ಉಳಿಯುವುದು ಆ ನಾಲ್ಕು ಬೆರಳಿನಲ್ಲೇ. ಇನ್ನು ಕೆರೆ ಅಂಗಳದ ಗೋಡು ಮಳೆಯಲ್ಲಿ ನೆಂದಿದ್ದರೆ ಯಾವ ಗಾಡಿಯನ್ನೂ ಇಳಿಸಬಾರದು. ಟಯರಿನ ಗೆರೆಗಳ ತುಂಬ ಮಣ್ಣು ಮೆತ್ತಿಕೊಂಡು ಚಕ್ರ ಬೋಳಾಗುತ್ತದೆ, ಆಮೇಲೆ ನಾಲ್ಕು ಚಕ್ರ ತಿರುಗಿದರೂ ಅಷ್ಟೆ, ಎರಡು ತಿರುಗಿದರೂ ಅಷ್ಟೆ. ಇಳಿದು ನಡೆದು ನೋಡಿ ಬರಬೇಕು. ಊರಿನವರು ಟ್ರ್ಯಾಕ್ಟರ್ ಇಳಿಸುವ ಮುಂಚೆ ಕೋಲು ಚುಚ್ಚಿ ನೋಡುತ್ತಾರೆ, ನಾವು ಕಾರಿನವರು ಅಷ್ಟು ಮಾಡೋಕೆ ಏನು ಕಷ್ಟ?

ಡೀಸೆಲ್ ಬೇಕಾ ಪೆಟ್ರೋಲ್ ಬೇಕಾ ಅಂತ ಕೇಳುವವರಿಗೆ ಒಂದು ಮಾತು. 2020ರ ಏಪ್ರಿಲ್ ನಂತರದ, ಬಿಎಸ್ 6 ಅನ್ನುವ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನಾ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಬರುತ್ತದೆ, ಬಿಲ್ ದೊಡ್ಡದಾಗುತ್ತದೆ. ಊರೂರು ಸುತ್ತುವವರಿಗೆ ಡೀಸೆಲ್ ಸರಿ. ಸಿಟಿಯೊಳಗಿನ ಓಡಾಟವೇ ಜಾಸ್ತಿ ಇರುವವರು ಪೆಟ್ರೋಲ್ ತಗೊಳ್ಳಿ.

ಈಗ ಮುಖ್ಯ ವಿಷಯ. ಹತ್ತು ಗಾಡಿ ಯಾಕೆ ಬಿಟ್ಟೆ?

ಒಂದು ಗಾಡಿ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ಹೆಂಡತಿ ಅಲ್ಲೇ ಅಡ್ವಾನ್ಸ್ ಕೊಡೋಣ ಅಂದಳು. ಬಿಳಿ ಬಣ್ಣ, 38 ಸಾವಿರ ಕಿಲೋಮೀಟರ್, ಮೊದಲ ಓನರ್, ಬೆಲೆ ಮಾರುಕಟ್ಟೆಗಿಂತ 70 ಸಾವಿರ ಕಡಿಮೆ. ಕಡಿಮೆ ಬೆಲೆಗೆ ಕಾರಣ ಕೇಳಿದರೆ "ಓನರ್ ಫಾರಿನ್‌ಗೆ ಹೋಗ್ತಿದ್ದಾರೆ ಸರ್" ಅನ್ನುವ ಉತ್ತರ. ನಮ್ಮ ಮೆಕ್ಯಾನಿಕ್ ಏನೂ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟ್ ಎಳೆದರು. ಸಾಮಾನ್ಯವಾಗಿ ನಾವು ಎಳೆಯುವಷ್ಟಲ್ಲ, ಪೂರ್ತಿ, ಇನ್ನು ಬರುವುದಿಲ್ಲ ಅನ್ನುವವರೆಗೆ. ಕೊನೆಯ ಒಂದು ಮೊಳದಲ್ಲಿ ಬೆಲ್ಟಿನ ಬಣ್ಣ ಬದಲಾಗಿತ್ತು. ಅಡ್ಡಕ್ಕೆ ಒಂದು ಕಂದು ಗೆರೆ, ಕಾಫಿ ಲೋಟ ಇಟ್ಟು ತೆಗೆದರೆ ಮೇಜಿನ ಮೇಲೆ ಉಳಿಯುತ್ತದಲ್ಲ, ಹಾಗೆ. ಬೆರಳಿನಿಂದ ಉಜ್ಜಿದೆ. ನುಣ್ಣಗಿನ ಹೂಳು ಬೆರಳಿಗೆ ಬಂತು. ಮೆಕ್ಯಾನಿಕ್ ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದರು. ಅದರ ಗುಂಡಿಯ ಮೂಲೆಯಲ್ಲೂ ಅದೇ ಹೂಳು, ಒಣಗಿ ಬಿರುಕು ಬಿಟ್ಟಿತ್ತು.

2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಜನರನ್ನ ಸಾಗಿಸಿದ್ದು, ಬೇಸ್‌ಮೆಂಟಿನಲ್ಲಿ ಕಾರುಗಳು ತೇಲಿದ್ದು. ಹಾಗೆ ಮುಳುಗಿದ ಗಾಡಿಗಳೆಲ್ಲ ಗುಜರಿಗೆ ಹೋಗುವುದಿಲ್ಲ. ಎಷ್ಟೋ ಗಾಡಿ ತೊಳೆದು, ಒಣಗಿಸಿ, ಸೀಟಿಗೆ ಹೊಸ ಕವರ್ ಹೊದಿಸಿಕೊಂಡು ಮತ್ತೆ ಮಾರಾಟಕ್ಕೆ ನಿಲ್ಲುತ್ತವೆ. ಈ ಗಾಡಿ ಯಾವ ಮಳೆಯಲ್ಲಿ ಮುಳುಗಿತ್ತೋ, ಮುಳುಗಿದ್ದಂತೂ ನಿಜ. ಎಂಜಿನ್ ಸರಿ ಮಾಡಬಹುದು, ವೈರಿಂಗ್ ಸರಿ ಮಾಡೋಕಾಗಲ್ಲ. ಕನೆಕ್ಟರ್ ಒಳಗೆ ಹಸಿರು ಕಿಲುಬು ನಿಧಾನಕ್ಕೆ ಬೆಳೆಯುತ್ತದೆ, ಒಂದು ದಿನ ಪವರ್ ವಿಂಡೋ ನಿಲ್ಲುತ್ತದೆ, ಇನ್ನೊಂದು ದಿನ ಏರ್‌ಬ್ಯಾಗ್ ದೀಪ. ಕಾರಿನೊಳಗೆ ಸುಗಂಧದ ಡಬ್ಬಿ ಎರಡು ಮೂರು ಇಟ್ಟಿದ್ದರೆ ನಿಮ್ಮ ಮೂಗನ್ನ ನಂಬಿ, ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ.

ಇನ್ನೊಂದು ಫೋರ್ ಬೈ ಫೋರ್ ಗಾಡಿ. ಅದನ್ನ ನೋಡಲು ಹೋಗುವಾಗ ಚಾಪೆ ಮತ್ತು ಟಾರ್ಚ್ ತಗೊಂಡು ಹೋಗಿದ್ದೆವು. ಮಾರುವವನಿಗೆ ಅದು ಇಷ್ಟವಾಗಲಿಲ್ಲ. ಕೆಳಗೆ ಮಲಗಿ ನೋಡಿದರೆ ಇಡೀ ಅಡಿಭಾಗ ಹೊಳೆಯುವ ಕಪ್ಪು. ಒಂಬತ್ತು ವರ್ಷದ ಗಾಡಿಯ ಹೊಟ್ಟೆ ಹೊಳೆಯಬಾರದು. ಅಲ್ಲಿ ಒಣ ಮಣ್ಣು, ಎಣ್ಣೆ ಜಿಡ್ಡು, ಮೇಲ್ಮೈ ತುಕ್ಕು ಇರಬೇಕು. ಉಗುರಿನಿಂದ ಕೆರೆದಾಗ ಹೊಸ ಪೇಂಟ್ ಸಿಪ್ಪೆಯಾಗಿ ಬಂತು, ಒಳಗೆ ವೆಲ್ಡಿಂಗ್ ಗುರುತು. ಚಾಸಿಸ್‌ನ ಎಡಗಡೆ ಬಗ್ಗಿದ್ದನ್ನ ಎಳೆದು ಬೆಸೆದಿದ್ದರು. ಚೆನ್ನಾಗಿ ಬಳಸಿದ ಫೋರ್ ಬೈ ಫೋರ್ ಒಳ್ಳೆಯ ಗಾಡಿಯೇ, ಆದರೆ ವಾರಾಂತ್ಯ ಬಂಡೆ ಹತ್ತಿಸಿ ರೀಲ್ಸ್ ಮಾಡಿದ ಗಾಡಿಗಿಂತ ಒಬ್ಬ ಮೇಷ್ಟ್ರು ಶಾಲೆಗೆ ಓಡಿಸಿದ, ಎಂಜಿನ್ ಎರಡೇ ಚಕ್ರ ತಿರುಗಿಸುವ ಮಾಮೂಲಿ ಕಾರು ಎಷ್ಟೋ ವಾಸಿ.

ಉಳಿದವುಗಳ ಬಗ್ಗೆ ಬೇಗ ಹೇಳುತ್ತೇನೆ. ಕರಾವಳಿ ನೋಂದಣಿಯ ಒಂದು ಗಾಡಿಯಲ್ಲಿ ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ತಿಂದಿತ್ತು. ಇನ್ನೊಂದರಲ್ಲಿ ಮೀಟರ್ 45 ಸಾವಿರ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಎರಡು ಗಾಡಿ ಹೊರ ರಾಜ್ಯದ್ದು, ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿದರೆ ಅಗ್ಗ ಅನ್ನುವುದು ಆವಿಯಾಯಿತು. ಒಂದರ ಮೇಲೆ ಬ್ಯಾಂಕ್ ಸಾಲ ಇನ್ನೂ ಇತ್ತು, ಮಾರುವವರು ಅದನ್ನ ಹೇಳಿರಲೇ ಇಲ್ಲ.

ಕಾಗದದ ವಿಷಯದಲ್ಲಿ ದಯವಿಟ್ಟು ಸಂಕೋಚ ಬೇಡ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ನೋಡಿ, ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗಿನವರೆಗೆ, ಸಾಲ ಇದೆಯಾ ಅಂತ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪೋಥಿಕೇಶನ್ (ಗಾಡಿ ಸಾಲಕ್ಕೆ ಅಡವಿದೆ ಅನ್ನುವ ನಮೂದು) ಹಾಗೇ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಗಾಡಿಯನ್ನ ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸಹಿ ಎದುರಿಗೇ ಆಗಲಿ. ಟ್ರಾಫಿಕ್ ದಂಡ ಬಾಕಿ ಇದೆಯಾ ನೋಡಿ. 2023ರ ಫೆಬ್ರವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತಿದ್ದರು, ಅಂದರೆ ಈ ಊರಿನಲ್ಲಿ ಎಷ್ಟು ಗಾಡಿಗಳ ತಲೆ ಮೇಲೆ ಬಾಕಿ ಇರುತ್ತದೆ ಯೋಚಿಸಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಗಾಡಿಯದಲ್ಲ, ಮನುಷ್ಯನದು.

ಕೊನೆಗೆ ಸಿಕ್ಕಿದ್ದು 2018ರ ಪೆಟ್ರೋಲ್ ಡಸ್ಟರ್, ಮ್ಯಾನ್ಯುವಲ್ ಗೇರ್, 62 ಸಾವಿರ ಕಿಲೋಮೀಟರ್. ಜಯನಗರದ ನಿವೃತ್ತ ದಂಪತಿಯದು. ಪ್ರತಿ ಸರ್ವಿಸ್ ಬಿಲ್ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ತಾರೀಕಿನ ಪ್ರಕಾರ. ಬಂಪರಿನಲ್ಲಿ ಎರಡು ಗೀರು ಇದ್ದವು, ಅವರೇ ತೋರಿಸಿದರು, ಯಾವ ಗೀರು ಯಾವ ಕಂಬಕ್ಕೆ ತಾಗಿ ಆಯಿತು ಅನ್ನುವುದನ್ನೂ ಹೇಳಿದರು. ಹೊಟ್ಟೆಯ ಕೆಳಗೆ ಒಣ ಮಣ್ಣು, ಸಣ್ಣ ತುಕ್ಕು, ಒಂದು ಹನಿ ಎಣ್ಣೆ ಸೋರಿಕೆ ಇಲ್ಲ. 5 ಲಕ್ಷ 30 ಸಾವಿರಕ್ಕೆ ಮುಗಿಯಿತು. ಉಳಿದ 70 ಸಾವಿರ ಮೊದಲೇ ಎತ್ತಿಟ್ಟಿದ್ದೆ. ಇದು ಬಹಳ ಜನ ಮಾಡುವುದಿಲ್ಲ. ಬಜೆಟ್ ಪೂರ್ತಿ ಗಾಡಿಗೇ ಸುರಿದು ಆಮೇಲೆ ಸವೆದ ಟಯರಿನಲ್ಲಿ ಓಡಿಸುತ್ತಾರೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಇದರಲ್ಲಿ 1118 ಇತ್ತು. ಅಂದರೆ 2018ರ ಹನ್ನೊಂದನೇ ವಾರದಲ್ಲಿ ತಯಾರಾದದ್ದು. ಗೆರೆ ಇನ್ನೂ ಇತ್ತು, ಆದರೆ ರಬ್ಬರ್ ಕಲ್ಲಾಗಿತ್ತು. ನಾಲ್ಕೂ ಬದಲಾಯಿಸಿದೆ. ಮುಂದಿನ ಸಸ್ಪೆನ್ಷನ್‌ನ ಲೋವರ್ ಆರ್ಮ್ ಬುಷ್ ಮತ್ತು ಲಿಂಕ್ ರಾಡ್, ಬ್ರೇಕ್ ಪ್ಯಾಡ್, ಎಲ್ಲ ಆಯಿಲ್ ಹೊಸದು. ಸಿಟಿಯಲ್ಲಿ ಲೀಟರಿಗೆ 10 ಕಿಲೋಮೀಟರ್ ಕೊಡುತ್ತಿದೆ. ಕಡಿಮೆಯೇ, ಆದರೆ ಗೊತ್ತಿದ್ದೇ ತಗೊಂಡಿದ್ದು.

ಒಂದು ವಿಷಯ ಹೇಳದೆ ಮುಗಿಸೋಕೆ ಮನಸ್ಸಿಲ್ಲ. ಗಾಡಿ ಎತ್ತರ ಇದೆ ಅಂತ ಹುಲ್ಲುಗಾವಲಿಗೆ ಇಳಿಸಬೇಡಿ. ಹೆಸರಘಟ್ಟದಲ್ಲಿ ಇದನ್ನ ಕಣ್ಣಾರೆ ಕಂಡಿದ್ದೇನೆ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ, ಬಯಲಲ್ಲಿ ಬೆಣಚು ಕಲ್ಲುಗಳ ನಡುವೆ ಸಣ್ಣ ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಕಲ್ಲಿನದೇ ಬಣ್ಣ, ಕಪ್ಪು ಚುಕ್ಕೆ. ಅವತ್ತು ನಾನು ನೋಡಿದ ತಗ್ಗಿನಲ್ಲಿ ನಾಲ್ಕು ಮೊಟ್ಟೆ ಇದ್ದವು. ಒಂದು ಗೇಣು ಪಕ್ಕದಲ್ಲಿ ಅಗಲವಾದ ಟಯರಿನ ಗುರುತು. ತಾಯಿ ಹಕ್ಕಿ ನಮ್ಮ ತಲೆ ಮೇಲೆ ಕೂಗಿಕೊಂಡು ಸುತ್ತುತ್ತಲೇ ಇತ್ತು. ಗಾಡಿ ಓಡಿಸಿದವರಿಗೆ ಅಲ್ಲಿ ಮೊಟ್ಟೆ ಇದೆ ಅಂತ ಗೊತ್ತೇ ಇರಲಿಲ್ಲ ಅನ್ನಿಸುತ್ತದೆ, ಗೊತ್ತಾಗುವುದೂ ಸಾಧ್ಯವಿಲ್ಲ, ಸ್ಟೇರಿಂಗ್ ಹಿಂದೆ ಕೂತವರಿಗೆ ಅದು ಕಾಣುವುದಿಲ್ಲ. ಇರುವ ಜಾಡಿನಲ್ಲೇ ಓಡಿಸಿ. ಜಾಡು ಮುಗಿದಲ್ಲಿ ಗಾಡಿ ನಿಲ್ಲಿಸಿ ನಡೆಯಿರಿ. ಕಾಡಿನ ಅಂಚಿನಲ್ಲಂತೂ ಅರಣ್ಯ ಇಲಾಖೆಯ ಗಡಿ ಕಲ್ಲು ದಾಟಲೇಬೇಡಿ.

ಇದನ್ನ ಓದುತ್ತಿರುವವರಲ್ಲಿ ಯಾರಾದರೂ ಈ ತಿಂಗಳು ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೊರಟಿದ್ದರೆ, ಜಯನಗರ, ಬನಶಂಕರಿ, ಕನಕಪುರ ರಸ್ತೆ ಕಡೆ ಆದರೆ ಮೆಸೇಜ್ ಮಾಡಿ. ಶನಿವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ನಾನು ಬಿಡುವಾಗಿರುತ್ತೇನೆ, ಜೊತೆಗೆ ಬರುತ್ತೇನೆ. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಓನರ್‌ಗೆ ಮೊದಲೇ ಹೇಳಿರಿ. ಚಾಪೆ, ಟಾರ್ಚ್ ನಾನೇ ತರುತ್ತೇನೆ.