ಆ ಮೊದಲ ಮಗುವನ್ನು ಅವರು ಮರೆಯಲಿಲ್ಲ

ಮಕ್ಕಳಿಗೆ ಬರುವ ಕವಾಸಾಕಿ ಕಾಯಿಲೆಯನ್ನು ಗುರುತಿಸಿದ ಜಪಾನಿನ ಮಕ್ಕಳ ವೈದ್ಯ ಡಾ. ತೊಮಿಸಾಕು ಕವಾಸಾಕಿ ಅವರ ಬದುಕಿನ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಓದಿ ಮನಸ್ಸು ತುಂಬಿ ಬಂತು. ನನಗೆ ಜಾಸ್ತಿ ಹಿಡಿಸಿದ್ದು 1961ರಲ್ಲಿ ಈ ಕಾಯಿಲೆಯಿಂದ ಅವರ ಬಳಿ ಬಂದ ಆ ಮೊದಲ ಮಗುವಿನ ಕಥೆ. ನಾಲ್ಕು ವರ್ಷದ ಹುಡುಗ. ಇಳಿಯದ ಜ್ವರ, ಕೆಂಪಾದ ಕಣ್ಣು, ಒಡೆದ ತುಟಿ, ಮೈ ತುಂಬಾ ದದ್ದು. ಹುಡುಗ ಹುಷಾರಾಗಿ ಮನೆಗೆ ಹೋದ. ಆದರೆ ಕಾಯಿಲೆ ಯಾವುದೆಂದು ಗೊತ್ತಾಗಲಿಲ್ಲ ಅಂತಲೇ ಡಾಕ್ಟರು ಬರೆದಿಟ್ಟರು. ಗೊತ್ತಿರುವ ಯಾವುದೋ ಹೆಸರು ಬರೆದು ಸುಮ್ನೆ ಕೈ ತೊಳೆದುಕೊಳ್ಳಬಹುದಿತ್ತು, ಅಲ್ವಾ? ಮರುವರ್ಷ ಅಂಥದ್ದೇ ಇನ್ನೊಂದು ಮಗು ಬಂದಾಗ ಇದು ಬೇರೆಯದೇ ಕಾಯಿಲೆ ಅಂತ ಅವರಿಗೆ ತಟ್ಟನೆ ಹೊಳೆಯಿತು. 1967ರ ಹೊತ್ತಿಗೆ 50 ಮಕ್ಕಳ ವಿವರ ಸೇರಿಸಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು.

ಒಂದು ಮಾತು ಸೇರಿಸಬೇಕು. ಇದು ತಾನಾಗಿಯೇ ವಾಸಿಯಾಗುವ ಕಾಯಿಲೆ ಅಂತ ಅವರು ಮೊದಲು ನಂಬಿದ್ದರು. ಹೃದಯಕ್ಕೆ ರಕ್ತ ಕೊಡುವ ನಾಳಗಳು ಇದರಿಂದ ಉಬ್ಬುತ್ತವೆ ಅನ್ನೋದು ಆಮೇಲೆ, ಬೇರೆ ವೈದ್ಯರೂ ಸೇರಿ ಹುಡುಕಿದ ಮೇಲೆ ಸ್ಪಷ್ಟವಾಯಿತು. ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹಾಗಾಗುತ್ತದೆ. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ (ರಕ್ತದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧ) ಕೊಟ್ಟರೆ ಆ ಅಪಾಯ ತುಂಬಾ ಕಡಿಮೆ.

ದಯವಿಟ್ಟು ಅಪ್ಪ ಅಮ್ಮಂದಿರು ಗಮನಿಸಿ. ಐದು ದಿನವಾದರೂ ಜ್ವರ ಬಿಡದೆ, ಕಣ್ಣು ಕೆಂಪಗಾಗಿ, ನಾಲಿಗೆ ಸ್ಟ್ರಾಬೆರಿ ಥರ ಕಂಡು, ಕೈಕಾಲು ಊದಿದ್ದರೆ 'ಇದು ಕವಾಸಾಕಿ ಇರಬಹುದಾ?' ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಎಲ್ಲ ಲಕ್ಷಣ ಒಟ್ಟಿಗೆ ಬರಲಿ ಅಂತ ಕಾಯಬೇಡಿ. ಪುಟ್ಟ ಕೂಸುಗಳಲ್ಲಿ ಎಲ್ಲವೂ ಕಾಣಿಸುವುದೇ ಇಲ್ಲ.

2020ರಲ್ಲಿ, 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಈ ಕಾಯಿಲೆಗೆ ಕಾರಣ ಏನು ಅನ್ನೋದು ಇನ್ನೂ ಸಿಕ್ಕಿಲ್ಲ.